ಅಪ್ಪನ ಅಂಗೈಗೆ ಸಿಕ್ಕ ಸದ್ದು

ಸದ್ದು ಶುರುವಾಗುತ್ತಿದ್ದದ್ದು ಕಾರು 40 ದಾಟಿದ ಮೇಲೆ. ಮೊದಲು ದೂರದಲ್ಲೆಲ್ಲೋ ರೈಸ್ ಮಿಲ್ ಓಡುತ್ತಿದೆಯೇನೋ ಅನ್ನಿಸುತ್ತಿತ್ತು. 50ಕ್ಕೆ ಆ ಮಿಲ್ಲು ಕಾರಿನ ಒಳಗೇ ಬಂದು ಕೂರುತ್ತಿತ್ತು. 60ಕ್ಕೆ ಪಕ್ಕದಲ್ಲಿ ಕೂತವರ ಮಾತು ಕೇಳಿಸುತ್ತಿರಲಿಲ್ಲ. ಗುಂಯ್ ಅಂತ ಒಂದೇ ಸಮನೆ. ನಿಧಾನ ಮಾಡಿದರೆ ಅದೂ ಇಳಿಯುತ್ತಿತ್ತು, ನಿಲ್ಲಿಸಿದರೆ ಏನೂ ಇಲ್ಲ.

ಕಾರು 2005ರ ಮಾರುತಿ 800. ಮಂಡ್ಯದ ಕೆಎ 11 ನಂಬರು. ಅಪ್ಪ ಕಬ್ಬಿನ ದುಡ್ಡು ಕೂಡಿಟ್ಟು ತಂದದ್ದು. 15 ವರ್ಷ ತುಂಬಿದಾಗ ಎಲ್ಲರೂ ಮಾರಿಬಿಡಿ ಅಂದರು. ನಾವು ರಿಜಿಸ್ಟ್ರೇಷನ್ ರಿನ್ಯೂ ಮಾಡಿಸಿ ಇಟ್ಟುಕೊಂಡೆವು. ಈಗ ಅದು ಮೈಸೂರಿನಲ್ಲಿ ನನ್ನ ಹತ್ತಿರ ಇದೆ. ಶನಿವಾರ ಶಾಲೆ ಮುಗಿಸಿ ಅದರಲ್ಲೇ ಊರಿಗೆ ಹೋಗುತ್ತೇನೆ. ಶ್ರೀರಂಗಪಟ್ಟಣದ ತನಕ ದೊಡ್ಡ ರಸ್ತೆ, ಆಮೇಲೆ ಪಾಂಡವಪುರದ ಕಡೆ ತಿರುಗಿ, ಕೊನೆಯ ಸ್ವಲ್ಪ ದೂರ ವಿ.ಸಿ. ನಾಲೆಯ, ಅಂದರೆ ವಿಶ್ವೇಶ್ವರಯ್ಯ ನಾಲೆಯ ಏರಿ.

ಆ ಏರಿಯ ಮೇಲೆ ಗಾಡಿ ಓಡಿಸುವವರಿಗೆ ಚಕ್ರದ ಸದ್ದು ಸಣ್ಣ ವಿಷಯ ಅಲ್ಲ. 2018ರ ನವೆಂಬರ್‌ನಲ್ಲಿ ಕನಗನಮರಡಿ ಹತ್ತಿರ ಬಸ್ಸು ನಾಲೆಗೆ ಬಿದ್ದು 30 ಜನ ತೀರಿಕೊಂಡರು. ಅದರಲ್ಲಿ ಶಾಲೆ ಮಕ್ಕಳೂ ಇದ್ದರು. ಆವತ್ತಿನಿಂದ ಒಂದು ಪಕ್ಕ ನೀರು ಕಂಡರೆ ನನ್ನ ಕೈ ಸ್ಟೇರಿಂಗನ್ನು ಬಿಗಿಯಾಗಿ ಹಿಡಿಯುತ್ತದೆ. ಅಂಥ ಕಡೆ ಚಕ್ರ ಗುಂಯ್ ಅನ್ನುತ್ತಿದ್ದರೆ ಹೇಗೆ ಸುಮ್ನೆ ಇರುವುದು?

ಮನೆ ಹತ್ತಿರದ ಗ್ಯಾರೇಜಿನಲ್ಲಿ ತೋರಿಸಿದೆ. ಟೈರ್ ಸದ್ದು ಮೇಡಮ್ ಅಂದರು. ಮುಂದಿನ ಟೈರಿನ ಮೇಲೆ ಅಂಗೈ ಆಡಿಸಿ ನನಗೂ ಆಡಿಸಿ ನೋಡಿ ಅಂದರು. ನಿಜವಾಗಿಯೂ ಅದು ಅಲೆ ಅಲೆಯಾಗಿ ತೇದಿತ್ತು. ಹಾಗೆ ಏರುಪೇರಾಗಿ ತೇದ ಟೈರು ಥೇಟ್ ಇಂಥದೇ ಸದ್ದು ಮಾಡುತ್ತದೆ. ಎರಡು ಹೊಸ ಟೈರ್ ಹಾಕಿಸಿದೆ, ವೀಲ್ ಬ್ಯಾಲೆನ್ಸಿಂಗ್ ಮಾಡಿಸಿದೆ. ವಾಪಸ್ ಬರುವಾಗ 50ಕ್ಕೆ ಮತ್ತೆ ಅದೇ ಗುಂಯ್.

ಇನ್ನೊಂದು ಕಡೆ ಬ್ರೇಕ್ ಪ್ಯಾಡ್ ಅಂದರು. ಅದನ್ನೂ ಬದಲಾಯಿಸಿದ್ದಾಯಿತು. ಬೇರಿಂಗ್ ಇರಬಹುದಾ ಅಂತ ನಾನೇ ಕೇಳಿದೆ. ಚಕ್ರ ಸಲೀಸಾಗಿ ತಿರುಗಲಿ ಅಂತ ಎರಡು ಉಕ್ಕಿನ ಬಳೆಗಳ ನಡುವೆ ಗುಂಡುಗಳನ್ನಿಟ್ಟ ಭಾಗ ಅದು. ಜಾಕ್ ಕೊಟ್ಟು, ಚಕ್ರದ ಮೇಲೊಂದು ಕೈ ಕೆಳಗೊಂದು ಕೈ ಹಿಡಿದು ಅಲ್ಲಾಡಿಸಿ ನೋಡಿದರು. ಪ್ಲೇ ಇಲ್ಲ ಮೇಡಮ್, ಬೇರಿಂಗ್ ಚೆನ್ನಾಗಿದೆ ಅಂದರು. ನಾನು ನಂಬಿದೆ. ಚಕ್ರ ಅಲ್ಲಾಡಿದರೆ ಬೇರಿಂಗ್ ಹೋಗಿರಬಹುದು ಅನ್ನುವುದು ಸರಿ. ಆದರೆ ಅಲ್ಲಾಡದಿದ್ದರೆ ಚೆನ್ನಾಗಿದೆ ಅಂತ ಅರ್ಥ ಅಲ್ಲ. ಇದು ನನಗೆ ಗೊತ್ತಾಗಿದ್ದು ಆಮೇಲೆ.

ಒಂದು ಭಾನುವಾರ ಬೆಳಿಗ್ಗೆ ಆರು ಗಂಟೆಗೆ ಅಕ್ಕನ ಮಗಳನ್ನು ಕರೆದುಕೊಂಡು ರಿಂಗ್ ರೋಡಿಗೆ ಹೋದೆ. ಇನ್ನೊಬ್ಬರ ಊಹೆಗೆ ದುಡ್ಡು ಕೊಡುವ ಮೊದಲು ನಾನೇ ಕಿವಿಗೊಟ್ಟು ಕೇಳಬೇಕು ಅನ್ನಿಸಿತ್ತು. ಅವಳು ಹಿಂದಿನ ಸೀಟಿನಲ್ಲಿ ನೋಟ್‌ಬುಕ್ ಹಿಡಿದು ಕೂತಳು. ರಸ್ತೆ ಖಾಲಿ ಇದ್ದ ಕಡೆ ಒಂದೊಂದೇ ನೋಡುತ್ತಾ ಹೋದೆವು. 60ಕ್ಕೆ ಹೋಗಿ ನ್ಯೂಟ್ರಲ್ ಮಾಡಿದೆ. ಎಂಜಿನ್ ಸದ್ದು ಇಳಿಯಿತು, ಗುಂಯ್ ಹಾಗೇ ಉಳಿಯಿತು. ಅಂದರೆ ಎಂಜಿನ್ನಿನದಲ್ಲ, ಚಕ್ರದ ಜೊತೆ ತಿರುಗುವ ಯಾವುದೋ ಒಂದರದು. ಬ್ರೇಕಿನ ಮೇಲೆ ಮೆಲ್ಲಗೆ ಕಾಲಿಟ್ಟೆ, ಸದ್ದು ಬದಲಾಗಲಿಲ್ಲ. ನುಣ್ಣನೆ ಡಾಂಬರು ಬಿಟ್ಟು ಜಲ್ಲಿ ಎದ್ದ ಸರ್ವಿಸ್ ರೋಡಿಗೆ ಇಳಿದೆ. ಟೈರಿನ ಸದ್ದಾಗಿದ್ದರೆ ರಸ್ತೆ ಬದಲಾದ ಹಾಗೆ ಅದೂ ಬದಲಾಗಬೇಕಿತ್ತು. ಜಲ್ಲಿಯ ಗರಗರದ ಅಡಿಯಲ್ಲಿ ಅದೇ ಗುಂಯ್, ಅದೇ ಶ್ರುತಿ. ಒಂದು ಮೈದಾನದಲ್ಲಿ ಸ್ಟೇರಿಂಗ್ ಪೂರ್ತಿ ತಿರುಗಿಸಿ ನಿಧಾನಕ್ಕೆ ಸುತ್ತಿದೆ. ಆಕ್ಸಲ್ ಜಾಯಿಂಟ್ ಹೋಗಿದ್ದರೆ ಟಕ್ ಟಕ್ ಅನ್ನುತ್ತದೆ. ಅದೂ ಇಲ್ಲ.

ಕೊನೆಯದು ಬಹಳ ಮುಖ್ಯದ್ದು. ಹಿಂದೆ ಮುಂದೆ ಯಾರೂ ಇಲ್ಲದಾಗ 50ರಲ್ಲಿ ಕಾರನ್ನು ಮೆಲ್ಲಗೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲಿಸಿದೆ. ಎಡಕ್ಕೆ ತಿರುಗಿದಾಗ ಗುಂಯ್ ದಪ್ಪವಾಯಿತು. ಬಲಕ್ಕೆ ತಿರುಗಿದಾಗ ಹೆಚ್ಚುಕಮ್ಮಿ ಅಡಗೇ ಹೋಯಿತು. ನಾಲ್ಕು ಸಲ ಮಾಡಿದೆವು, ನಾಲ್ಕು ಸಲವೂ ಹಾಗೇ.

"ಚಿಕ್ಕಮ್ಮ, ಎಡಗಡೆ ಹಿಂದಿಂದ ಬರ್ತಿದೆ" ಅಂದಳು ಹುಡುಗಿ. ನನಗೂ ಹಾಗೇ ಕೇಳಿಸಿತ್ತು. ಎಡಕ್ಕೆ ತಿರುಗಿದರೆ ಜಾಸ್ತಿ, ಎಡಗಡೆಯಿಂದಲೇ ಕೇಳುತ್ತಿದೆ. ಇನ್ನೇನು ಬೇಕು? ನೋಟ್‌ಬುಕ್ಕಿನಲ್ಲಿ ಎಡಗಡೆ ಅಂತ ಬರೆದು ಎರಡು ಗೆರೆ ಎಳೆದೆವು. ಹಾಗೇ ಊರಿನ ದಾರಿ ಹಿಡಿದೆ.

ಅಪ್ಪನಿಗೆ ಈಗ 78. ಕಿವಿ ಬಹಳ ಮಂದ. ಮಷೀನು ಇದೆ, ಮನೆಯಲ್ಲಿ ಹಾಕಿಕೊಳ್ಳುವುದಿಲ್ಲ. ಅದಕ್ಕೇ ಈ ಸದ್ದಿನ ವಿಷಯ ಅವರಿಗೆ ಹೇಳಿರಲೇ ಇಲ್ಲ. ಕೇಳಿಸದವರ ಹತ್ತಿರ ಸದ್ದಿನ ಮಾತು ಆಡಿ ಯಾಕೆ ನೋಯಿಸುವುದು ಅಂತ. ಆದರೆ ನಾನು ಅಂಗಳದಲ್ಲಿ ಕಾರು ನಿಲ್ಲಿಸಿ ಜಾಕ್ ತೆಗೆದದ್ದೇ ತಡ, ಜಗಲಿಯಿಂದ ಎದ್ದು ಬಂದರು.

ಅಪ್ಪ ಹರೆಯದಲ್ಲಿ ಎತ್ತಿನ ಗಾಡಿಯಲ್ಲಿ ಮಂಡ್ಯದ ಸಕ್ಕರೆ ಕಾರ್ಖಾನೆಗೆ ಕಬ್ಬು ಹೊಡೆದವರು. 1933ರಲ್ಲಿ ಶುರುವಾದ ಮೈಷುಗರ್. ರಾತ್ರಿ ಗಾಡಿ ಕಟ್ಟಿದರೆ ಬೆಳಕು ಹರಿಯುವ ಹೊತ್ತಿಗೆ ಸಾಲಿನಲ್ಲಿ ನಿಲ್ಲಬೇಕಿತ್ತಂತೆ. ಕತ್ತಲಲ್ಲಿ ಅಚ್ಚು ಕಾಣುವುದಿಲ್ಲ, ಸದ್ದಿನ ಮೇಲೇ ಗಾಡಿಯ ಆರೋಗ್ಯ ಗೊತ್ತಾಗಬೇಕು. ಕೀಲೆಣ್ಣೆ ಆರಿದರೆ ಗಾಲಿ ಕೀರಲು ಶುರು. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿ ಕಲಸಿ ಬಿದಿರ ಗೊಟ್ಟದಲ್ಲಿ ತುಂಬಿ ಗಾಡಿ ಕೆಳಗೆ ನೇತುಹಾಕಿರುತ್ತಿದ್ದರು. ಕಡಾಣಿ ಕಿತ್ತು, ಗಾಲಿ ಸ್ವಲ್ಪ ಹೊರಗೆಳೆದು, ಅಚ್ಚಿಗೆ ಬಳಿದು ಮತ್ತೆ ಹೊರಡುವುದು. ಈ ಕತೆ ನಾನು ನೂರು ಸಲ ಕೇಳಿದ್ದೇನೆ. ಆದರೆ ಅದು ನನ್ನ ಕಾರಿಗೆ ಬೇಕಾಗುತ್ತದೆ ಅಂತ ಅಂದುಕೊಂಡಿರಲಿಲ್ಲ.

"ಏನಾಗದೆ?" ಅಂದರು. ಕಿವಿ ಹತ್ತಿರ ಹೋಗಿ ಕೂಗಿ ಹೇಳಿದೆ. ಎಡಗಡೆ ಅಂತಲೂ ಹೇಳಿದೆ.

ಅಪ್ಪ ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಹ್ಯಾಂಡ್ ಬ್ರೇಕ್ ಎಳೆಸಿ, ನ್ಯೂಟ್ರಲ್ ಮಾಡಿಸಿದರು. ಮುಂದಿನ ಎಡ ಚಕ್ರ ಎತ್ತಿದೆ. ಜಾಕನ್ನು ನಂಬಬೇಡ ಅಂತ ಪಕ್ಕಕ್ಕೆ ಒಂದು ತೆಂಗಿನ ದಿಮ್ಮಿ ಇಡಿಸಿದರು. ಆಮೇಲೆ ಕುಕ್ಕರಗಾಲಲ್ಲಿ ಕೂತು, ಟೈರಿನ ಹಿಂದೆ ಕೈ ತೂರಿಸಿ, ಸಸ್ಪೆನ್ಷನ್ನಿನ ಸುರುಳಿ ಸ್ಪ್ರಿಂಗನ್ನು ಅಂಗೈಯಲ್ಲಿ ಹಿಡಿದುಕೊಂಡರು. "ತಿರುಗಿಸು" ಅಂದರು. ನಾನು ಚಕ್ರವನ್ನು ಕೈಯಲ್ಲಿ ಜೋರಾಗಿ ತಿರುಗಿಸಿದೆ. ಅಪ್ಪ ಕಣ್ಣು ಮುಚ್ಚಿದರು. ಚಕ್ರ ನಿಲ್ಲುವ ತನಕ ಮಾತಿಲ್ಲ.

"ಇದು ಚೆನ್ನಾಗದೆ. ಆ ಕಡೇದು ಎತ್ತು."

ಬಲ ಚಕ್ರ ಎತ್ತಿದೆ. ತಿರುಗಿಸಿದೆ. ಈ ಸಲ ಅರ್ಧ ಸುತ್ತಿಗೇ ಕಣ್ಣು ಬಿಟ್ಟರು. ನನ್ನ ಕೈ ಹಿಡಿದು ಸ್ಪ್ರಿಂಗಿನ ಮೇಲೆ ಇಟ್ಟು, ತಾವೇ ಚಕ್ರ ತಿರುಗಿಸಿದರು. ಕಿವಿಗೆ ಹೆಚ್ಚೇನೂ ಕೇಳುತ್ತಿರಲಿಲ್ಲ. ಆದರೆ ಅಂಗೈಯಲ್ಲಿ ಸಣ್ಣಗೆ ಗರಗರ. ರಾಗಿಕಲ್ಲಿಗೆ ಮರಳು ಸಿಕ್ಕ ಹಾಗೆ. ಮತ್ತೆ ಎಡಗಡೆ ಹೋಗಿ ಹಿಡಿದು ನೋಡಿದೆ. ಅದು ನುಣ್ಣಗೆ ಹರಿಯುತ್ತಿತ್ತು.

"ಬಲಗಡೇದು ಕನವ್ವ."

ನಾನು ನೋಟ್‌ಬುಕ್ ತಂದು ತೋರಿಸಿದೆ. ಎಡಕ್ಕೆ ತಿರುಗಿದರೆ ಸದ್ದು ಜಾಸ್ತಿ ಆಗುತ್ತಲ್ಲಪ್ಪ ಅಂದೆ.

"ಕಬ್ಬಿನ ಗಾಡಿ ಮೇಲೆ ಕೂತಿದ್ದಿಯಲ್ಲ ಚಿಕ್ಕವಳಿದ್ದಾಗ. ಗಾಡಿ ಎಡಕ್ಕೆ ತಿರುಗಿದ್ರೆ ನೀನು ಯಾವ ಕಡೆ ವಾಲ್ತಿದ್ದೆ?"

"ಬಲಕ್ಕೆ."

"ಕಬ್ಬೂ ಬಲಕ್ಕೇ ವಾಲ್ತದೆ. ಭಾರ ಎಲ್ಲಾ ಬಲದ ಗಾಲಿ ಮೇಲೆ ಕೂತ್ಕತದೆ. ನೊಂದಿರೋ ಗಾಲಿ ಭಾರ ಬಿದ್ದಾಗ ಅಳ್ತದೆ."

ನಾನು ಅಲ್ಲೇ ಅಂಗಳದಲ್ಲಿ ಕೂತುಬಿಟ್ಟೆ. ಎಷ್ಟು ಸರಳ ಅಲ್ವಾ? ಬರೆದುಕೊಂಡದ್ದೆಲ್ಲ ಸರಿಯಾಗಿತ್ತು, ಓದಿದ್ದು ಮಾತ್ರ ತಿರುಗುಮುರುಗು. ಎಡ ತಿರುವಿನಲ್ಲಿ ಜಾಸ್ತಿಯಾಗುವ ಸದ್ದು ಬಲ ಬೇರಿಂಗಿನ ಕಡೆ ಬೆರಳು ತೋರಿಸುತ್ತದೆ. ಇನ್ನು ಕಿವಿಗೆ ಎಡ ಹಿಂದಿನಿಂದ ಕೇಳಿಸಿತಲ್ಲ, ಅದು ಕಾರಿನ ತಗಡಿನ ಕೆಲಸ. ಸಣ್ಣ ಕಾರಿನ ಮೈಯೆಲ್ಲ ಒಂದು ಡಬ್ಬ ಇದ್ದ ಹಾಗೆ. ಒಂದು ಮೂಲೆಯಲ್ಲಿ ಬಡಿದರೆ ಇನ್ನೊಂದು ಮೂಲೆಯಲ್ಲಿ ಕೇಳುತ್ತದೆ. ಸದ್ದು ಇದ್ದದ್ದು ನನ್ನ ಕಾಲಬುಡದಲ್ಲೇ. ಅಂಗೈಗೆ ಆ ಮೋಸ ಇಲ್ಲ, ಮುಟ್ಟಿದ ಕಡೆಯದನ್ನೇ ಹೇಳುತ್ತದೆ.

ಸೋಮವಾರ ರಜೆ ಹಾಕಿ ಪಾಂಡವಪುರದ ಒಬ್ಬ ಮೇಸ್ತ್ರಿ ಹತ್ತಿರ ಹೋದೆವು. ಅಪ್ಪನೂ ಬಂದರು, ಮಷೀನು ಹಾಕಿಕೊಂಡೇ. ಮೇಸ್ತ್ರಿ ವಾದ ಮಾಡಲಿಲ್ಲ. ತಾನೂ ಸ್ಪ್ರಿಂಗ್ ಹಿಡಿದು ನೋಡಿ, "ಸರಿಯಾಗಿ ಹಿಡಿದಿದ್ದೀರ ಯಜಮಾನ್ರೇ" ಅಂದರು. ಆಕ್ಸಲ್ ನಟ್ ಬಿಚ್ಚುವುದಕ್ಕೇ ಇಬ್ಬರು ಬೇಕಾಯಿತು. ಸ್ಪ್ಯಾನರಿಗೆ ಉದ್ದನೆ ಪೈಪು ಹಾಕಿ ಒಬ್ಬ ಹುಡುಗ ಮೇಲೆ ನಿಂತ. ಬೇರಿಂಗು ಬಿಗಿಯಾಗಿ ಕೂತಿರುವ ಭಾಗವನ್ನೇ ಪೂರ್ತಿ ಬಿಚ್ಚಿ, ಪಕ್ಕದ ಲೇತ್ ಅಂಗಡಿಯ ಪ್ರೆಸ್ಸಿಗೆ ಒಯ್ದರು.

ಆ ಮೇಸ್ತ್ರಿಯ ಕೆಲಸ ನೋಡಿ ನನಗೆ ನಿಜವಾಗಿಯೂ ಗೌರವ ಬಂತು. ಹೊಸ ಬೇರಿಂಗನ್ನು ಸುತ್ತಿಗೆಯಲ್ಲಿ ಬಡಿಯಲಿಲ್ಲ. ಪ್ರೆಸ್ಸಿನಲ್ಲೂ ಹೊರಗಿನ ಬಳೆಯ ಮೇಲೆ ಮಾತ್ರ ಒತ್ತಡ ಬೀಳುವ ಹಾಗೆ ಒಂದು ಹಳೇ ರಿಂಗ್ ಇಟ್ಟು ಇಳಿಸಿದರು. "ಒಳಗಿನ ಬಳೆ ಮೇಲೆ ಒತ್ತಿದ್ರೆ ಗುಂಡಿನ ಅಚ್ಚು ಬೀಳುತ್ತೆ ಅಕ್ಕ. ಹೊಸದೂ ಒಂದೇ ತಿಂಗಳಿಗೆ ಕೂಗುತ್ತೆ" ಅಂದರು. ಆಯಿಲ್ ಸೀಲೂ ಹೊಸದು. ಎಲ್ಲ ಸೇರಿ ಆದ ಖರ್ಚು ಆ ಎರಡು ಟೈರಿಗೆ ಕೊಟ್ಟದ್ದರ ಅರ್ಧವೂ ಇಲ್ಲ.

ಹಳೇ ಬೇರಿಂಗನ್ನು ಅಪ್ಪ ಕೇಳಿ ಇಸಕೊಂಡರು. ಸೀಮೆಎಣ್ಣೆಯಲ್ಲಿ ತೊಳೆಸಿದರು. ಗ್ರೀಸು ಗ್ರೀಸಿನ ಹಾಗಿರಲಿಲ್ಲ, ಕೆಮ್ಮಣ್ಣು ಕಲಸಿದ ಹಾಗಿತ್ತು. ತೊಳೆದ ಮೇಲೆ ಗುಂಡುಗಳು ಓಡುವ ದಾರಿಯಲ್ಲಿ ಸಿಡುಬಿನ ಕಲೆಯಂಥ ಗುಳಿಗಳು. 12 ಇಂಚಿನ ಆ ಪುಟ್ಟ ಚಕ್ರ 60ರಲ್ಲಿ ಸೆಕೆಂಡಿಗೆ ಸುಮಾರು 10 ಸುತ್ತು ಹಾಕುತ್ತದೆ. ಒಂದೊಂದು ಸುತ್ತಿಗೂ ಗುಂಡುಗಳು ಒಂದರ ಹಿಂದೊಂದು ಆ ಗುಳಿಗೆ ಬಡಿದು ಹೋಗುತ್ತವೆ. ಬಿಡಿ ಬಿಡಿಯಾಗಿ ಅದು ಟಕ್ ಟಕ್. ವೇಗದಲ್ಲಿ ಒಂದಕ್ಕೊಂದು ಅಂಟಿಕೊಂಡು ಗುಂಯ್. ಗುಂಡುಗಳು ಬಿಗಿಯಾಗೇ ಕೂತಿದ್ದರಿಂದ ಚಕ್ರ ಅಲ್ಲಾಡುತ್ತಿರಲಿಲ್ಲ.

"ನೀರು ಕುಡಿದದೆ" ಅಂದರು ಅಪ್ಪ. ಆಗ ನೆನಪಾಯಿತು. ಅಕ್ಟೋಬರ್ ಮಳೆಯಲ್ಲಿ ನಾಲೆ ಪಕ್ಕದ ತಗ್ಗಿನಲ್ಲಿ ಚಕ್ರ ಅರ್ಧ ಮುಳುಗುವಷ್ಟು ನೀರು ನಿಂತಿತ್ತು. ನಾನು ಹಾಗೇ ದಾಟಿಸಿದ್ದೆ. ಹಳೇ ಸೀಲಿನ ಸಂದಿಯಿಂದ ನೀರು ನುಗ್ಗಿ, ಗ್ರೀಸು ತೊಳೆದುಹೋಗಿ, ತುಕ್ಕು ಹಿಡಿಯಿತು.

ವಾಪಸ್ ಬರುವಾಗ ಏರಿಯ ಮೇಲೆ 40 ದಾಟಿತು. ನಾನು ಉಸಿರು ಹಿಡಿದು ಕೇಳಿದೆ. ಎಂಜಿನ್ ಸದ್ದು, ಗಾಳಿ, ಹಿಂದಿನ ಬಾಗಿಲಿನ ಹಳೇ ಕಟಕಟ, ಅಷ್ಟೇ. ಎಷ್ಟೋ ದಿನದ ಮೇಲೆ ನಾಲೆಯ ನೀರಿನ ಸದ್ದೂ ಕೇಳಿಸಿತು. ಅಪ್ಪ ಮಷೀನು ತೆಗೆದು ಜೇಬಿಗೆ ಹಾಕಿಕೊಂಡಿದ್ದರು. ಅಂಗೈಯನ್ನು ಡ್ಯಾಶ್‌ಬೋರ್ಡಿನ ಮೇಲೆ ಚಪ್ಪಟೆಯಾಗಿ ಇಟ್ಟುಕೊಂಡು ಕೂತಿದ್ದರು. ತೋಟದ ತಿರುವು ಬಂತು. ಕಾರು ಎಡಕ್ಕೆ ಹೊರಳಿತು, ಭಾರ ಬಲಕ್ಕೆ ವಾಲಿತು. ಅಪ್ಪ ತಲೆ ಆಡಿಸಿ ಕೈ ತೆಗೆದರು.

ಮನೆ ಮುಂದೆ ಇಳಿಯುವಾಗ ಕೇಳಿದರು. "ಎಡಗಡೇದೂ ಅದೇ ನೀರಲ್ಲೇ ಬಂದದಲ್ವಾ?"

ಮುಂದಿನ ಶನಿವಾರಕ್ಕೆ ಬರುತ್ತೇನೆ ಅಂತ ಅಲ್ಲಿಂದಲೇ ಮೇಸ್ತ್ರಿಗೆ ಫೋನ್ ಮಾಡಿ ಹೇಳಿದೆ.