ಹೂಮಳೆಯ ಮರುದಿನವೇ ಕಾಫಿ ಅರಳುವುದಿಲ್ಲ

"ಸಂಜೆ ಹೂಮಳೆ ಸುರಿಯಿತು. ಬೆಳಿಗ್ಗೆ ಏಳುವಷ್ಟರಲ್ಲಿ ತೋಟವೆಲ್ಲ ಬೆಳ್ಳಗೆ ಅರಳಿ ನಿಂತಿತ್ತು."

ನಾವು ಅಚ್ಚಿಗೆ ಕಳಿಸಿದ್ದ ಒಂದು ಕಾದಂಬರಿಯಲ್ಲಿ ಈ ಎರಡು ಸಾಲು ಇದ್ದವು. ಕೊಡಗಿನಲ್ಲಿ ತೋಟದ ನಡುವೆ ಬೆಳೆದವರು ಇದನ್ನು ಓದಿದರೆ ಅಲ್ಲೇ ನಿಂತುಬಿಡುತ್ತಾರೆ. ಹೂಮಳೆ ಅಂದರೆ ಕಾಫಿ ಗಿಡ ಹೂ ಬಿಡಲು ಬೇಕಾದ ಮಳೆ. ಅದು ಬಿದ್ದು ಎಂಟು ಹತ್ತು ದಿನ ಆಗದೆ ಕಾಫಿ ಅರಳುವುದಿಲ್ಲ. ಫೆಬ್ರವರಿ, ಮಾರ್ಚ್ ಬಂತೆಂದರೆ ಇಲ್ಲಿ ಅಂಗಡಿಯಲ್ಲಿ, ಬಸ್ಸಿನಲ್ಲಿ, ಮದುವೆ ಮನೆಯಲ್ಲಿ ಎಲ್ಲೆಲ್ಲೂ ಒಂದೇ ಮಾತು, ನಿಮ್ಮಲ್ಲಿ ಎಷ್ಟು ಸೆಂಟ್ಸ್ (ಇಂಚಿನ ನೂರನೇ ಭಾಗ) ಮಳೆ ಬಿತ್ತು ಅಂತ. ಅಂಥ ಊರಿನ ಪ್ರಕಾಶನದಿಂದ ಈ ಸಾಲು ಹೊರಗೆ ಹೋಗುವುದರಲ್ಲಿತ್ತು. ಅದೂ ಅಷ್ಟು ಜನ ಓದಿ ಒಪ್ಪಿದ ಮೇಲೆ.

ನಾನು ಮಡಿಕೇರಿಯ ಒಂದು ಸಣ್ಣ ಪ್ರಕಾಶನದಲ್ಲಿ ಹಸ್ತಪ್ರತಿಗಳನ್ನು ನೋಡಿಕೊಳ್ಳುತ್ತೇನೆ. ಸಂಬಳ ಕೊಟ್ಟು ಸಂಪಾದಕರನ್ನು ಇಟ್ಟುಕೊಳ್ಳುವ ಶಕ್ತಿ ನಮಗಿಲ್ಲ. ಹಾಗಾಗಿ ಕಥೆ, ಕಾದಂಬರಿ ಬಂದಾಗ ಅಚ್ಚಿಗೆ ಮೊದಲೇ ಪ್ರೀತಿಯಿಂದ ಓದಿ ಅನಿಸಿದ್ದು ಹೇಳುವ ಬೀಟಾ ರೀಡರ್‌ಗಳನ್ನು ಹುಡುಕುತ್ತೇವೆ. ಭಾಷೆ ತಿದ್ದಿಕೊಡುವವರು ಸಿಕ್ಕರೆ ಇನ್ನೂ ಸಂತೋಷ. ಅವರಿಗೆ ನಾವು ಕೊಡುವುದು ಪುಸ್ತಕದ ಎರಡು ಪ್ರತಿ ಮತ್ತು ಕೃತಜ್ಞತೆಯ ಪುಟದಲ್ಲಿ ಹೆಸರು, ಅಷ್ಟೇ.

ಈ ಕಾದಂಬರಿಗೆ ಒಳ್ಳೆಯ ತಂಡವೇ ಸಿಕ್ಕಿತ್ತು. ವಿರಾಜಪೇಟೆಯ ನಿವೃತ್ತ ಕನ್ನಡ ಉಪನ್ಯಾಸಕರು, ಗೋಣಿಕೊಪ್ಪಲಿನ ಡಿಗ್ರಿ ಓದುವ ಹುಡುಗಿ, ಕುಶಾಲನಗರದ ಒಬ್ಬ ಮೇಷ್ಟ್ರು, ಬೆಂಗಳೂರಿನಲ್ಲಿದ್ದು ತುಂಬಾ ಓದುವ ಒಂದಿಬ್ಬರು. ಜೊತೆಗೆ ಸುಂಟಿಕೊಪ್ಪದ ಹತ್ತಿರದ ಒಂದು ಎಸ್ಟೇಟಿನ ರೈಟರ್, ಅಂದರೆ ತೋಟದ ಲೆಕ್ಕಪತ್ರ ಬರೆಯುವ ಗುಮಾಸ್ತರು. ಕಥೆ ನಡೆಯುವುದು ತೋಟದ ಕಾರ್ಮಿಕರು ಇರುವ ಲೈನ್ ಮನೆಗಳಲ್ಲಿ, ಹಾಗಾಗಿ ಅವರು ಬೇಕೇ ಬೇಕು ಅಂತ ನಾನೇ ಹುಡುಕಿಕೊಂಡು ಹೋಗಿ ಕೇಳಿದ್ದೆ. ಅವರು ಖುಷಿಯಿಂದ ಒಪ್ಪಿದರು.

ಎಲ್ಲರಿಗೂ ಒಂದೇ ನಿಯಮ ಮಾಡಿದ್ದೆ. ಗೂಗಲ್ ಡಾಕ್ಸ್‌ನಲ್ಲಿ ಫೈಲು ಇರುತ್ತದೆ, ಹೇಳುವುದೇನಿದ್ದರೂ ಅಲ್ಲೇ ಕಮೆಂಟ್ ಹಾಕಿ. ನನಗೆ ಇದು ಸುಲಭ. ಯಾವ ಸಾಲಿಗೆ ಯಾರು ಏನು ಹೇಳಿದರು ಅಂತ ಒಂದೇ ಕಡೆ ಕಾಣುತ್ತದೆ. ಉಪನ್ಯಾಸಕರು ಹಾಕಿದರು, ಹುಡುಗಿ ಹಾಕಿದಳು, ಬೆಂಗಳೂರಿನವರು ಪುಟ ತುಂಬಾ ಹಾಕಿದರು. ಹೂವಿನ ಆ ಸಾಲಿಗೆ ಸಾಲು ಸಾಲು ಹೃದಯದ ಚಿತ್ರಗಳು. "ಇಡೀ ಕಾದಂಬರಿಯಲ್ಲಿ ನನಗೆ ಇಷ್ಟವಾದ ಸಾಲು" ಅಂತಲೂ ಒಂದು ಕಮೆಂಟ್.

ರೈಟರ್ ಮಾತ್ರ ಡಾಕ್ಸ್‌ಗೆ ಬರಲಿಲ್ಲ. ರೊಬಸ್ಟಾ ಕಾಫಿಯ ಕೊಯ್ಲು ಜೋರಾಗಿದ್ದ ಸಮಯ. ಹಗಲೆಲ್ಲ ಮಸ್ಟರ್ (ಕೆಲಸದವರ ಹಾಜರಿ), ಹಣ್ಣಿನ ತೂಕ, ವಾರದ ಬಟವಾಡೆ. ರಾತ್ರಿ ಕ್ವಾರ್ಟರ್ಸ್‌ಗೆ ಬಂದು ಮೊಬೈಲ್‌ನಲ್ಲಿ ಓದಿ, ವಾಟ್ಸಾಪ್‌ನಲ್ಲಿ ವಾಯ್ಸ್ ಮೆಸೇಜ್ ಕಳಿಸುತ್ತಿದ್ದರು. ಒಂದೊಂದೂ ಉದ್ದ. ಮೊದಲನೆಯದನ್ನು ಸ್ವಲ್ಪ ಕೇಳಿದೆ. ಅಕ್ಷರ ಸಣ್ಣದಾಯಿತು, ಓದಲು ಕಷ್ಟ ಅಂತ ಹೇಳುತ್ತಿದ್ದರು. ಉಳಿದದ್ದನ್ನು ನಿಧಾನವಾಗಿ ಕೇಳಿ ಟೈಪ್ ಮಾಡಿಕೊಳ್ಳೋಣ ಅಂತ ಇಟ್ಟೆ. ಅಷ್ಟರಲ್ಲಿ ಪುಟವಿನ್ಯಾಸ ಶುರುವಾಯಿತು, ಬಿಡುಗಡೆಯ ದಿನ ಗೊತ್ತಾಯಿತು. ನಮ್ಮಲ್ಲಿ ಹಸ್ತಪ್ರತಿ, ಕರಡು, ಲೇಖಕರ ಫೋನು, ಕೊರಿಯರ್ ಎಲ್ಲವನ್ನೂ ಒಬ್ಬರೇ ನೋಡಬೇಕು. ಪ್ರಕಾಶನದ ಯಜಮಾನರಿಗೆ ಇದನ್ನು ಹೇಳಿ ಹೇಳಿ ಸಾಕಾಗಿದೆ.

ಕೃತಜ್ಞತೆಯ ಪುಟ ಮತ್ತು ಮೊದಲ ಪುಟಗಳು ನಮ್ಮಲ್ಲಿ ಕೊನೆಗೆ ಹೋಗುತ್ತವೆ. ರೈಟರ್ ಇನಿಷಿಯಲ್ ಸರಿಯಾಗಿದೆಯಾ ಅಂತ ನೋಡಲು ಅವತ್ತು ಮಧ್ಯಾಹ್ನ ಅವರ ಚಾಟ್ ತೆರೆದೆ. ಕೇಳದೆ ಬಿಟ್ಟಿದ್ದ ಮೆಸೇಜುಗಳು ಸಾಲಾಗಿ ಕಂಡವು. ಹೆಸರು ಹಾಕುತ್ತಿದ್ದೇವೆ, ಅವರ ಮಾತನ್ನೇ ಕೇಳಿಲ್ಲವಲ್ಲ ಅನ್ನಿಸಿ ಒಂದನ್ನು ಒತ್ತಿದೆ.

"ಮೇಡಂ, ಕಥೆ ಚೆನ್ನಾಗಿದೆ. ಆದ್ರೆ ಆ ಹೂವಿನದ್ದು ಆಗುವುದಿಲ್ಲ. ಮಳೆ ಬಿದ್ದ ಮರುದಿನ ಮೊಗ್ಗು ಹಸಿರೇ ಇರ್ತದೆ. ನಮ್ಮವರು ಓದಿದ್ರೆ ನಗ್ತಾರೆ."

ಮೈಸೂರಿನ ಪ್ರೆಸ್‌ಗೆ ಫೋನ್ ಮಾಡಿದೆ. ಮಿಷನ್ ಮೇಲೆ ಆರನೇ ಫಾರಂ ಓಡುತ್ತಿತ್ತು. ನಮ್ಮ ಸಾಲು ಇದ್ದದ್ದು 119ನೇ ಪುಟದಲ್ಲಿ. 16 ಪುಟಕ್ಕೊಂದು ಫಾರಂ, ಅಂದರೆ ಎಂಟನೆಯದು. ಅದರ ಪ್ಲೇಟ್ ಆಗಿಹೋಗಿತ್ತು. "ಏಳನೇದು ಇಳಿಯುವವರೆಗೆ ಟೈಮ್ ಕೊಡ್ತೀನಿ, ಆಮೇಲೆ ಮಿಷನ್ ಖಾಲಿ ಬಿಡೋಕಾಗಲ್ಲ" ಅಂದರು.

ಯಜಮಾನರು ಮೊದಲು ಕೇಳಿದ್ದು ಹೊಸ ಪ್ಲೇಟಿನ ದುಡ್ಡು ಯಾರು ಕೊಡುತ್ತಾರೆ ಅಂತ. ಆಮೇಲೆ, "ಕಥೆ ತಾನೇ, ಯಾರು ನೋಡ್ತಾರೆ?" ಅಂದರು. ಈ ಮಾತು ನನಗೆ ಈಗಲೂ ಒಪ್ಪಿಗೆಯಿಲ್ಲ. ಕಥೆ ಅಂದಮಾತ್ರಕ್ಕೆ ಗಿಡ ತನ್ನ ಲೆಕ್ಕ ಬಿಡುವುದಿಲ್ಲ. ಲೈನ್ ಮನೆಯವರ ಬದುಕನ್ನು ಬರೆದಿದ್ದೇವೆ ಅಂತ ಹೇಳಿಕೊಂಡು ಅವರಿಗೆಲ್ಲ ಗೊತ್ತಿರುವ ಸಂಗತಿಯನ್ನೇ ತಪ್ಪಾಗಿ ಹೇಳಿದರೆ, ಉಳಿದ ಪುಟಗಳನ್ನು ಅವರು ಯಾಕೆ ನಂಬಬೇಕು?

ಲೇಖಕರು ಸೋಮವಾರಪೇಟೆ ಕಡೆಯವರೇ. ಆದರೆ ಹುಡುಗರಾಗಿದ್ದಾಗಲೇ ಊರು ಬಿಟ್ಟವರು, ಬ್ಯಾಂಕಿನಲ್ಲಿ ಕೆಲಸ. ಕೌಂಟರಿನಲ್ಲಿದ್ದರು, ಫೋನ್ ಎತ್ತಲಿಲ್ಲ. ಮತ್ತೆ ಮತ್ತೆ ಮಾಡಿದೆ. ಎತ್ತಿದ ಮೇಲೆ ವಿಷಯ ಹೇಳಿದೆ. ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, "ಎಷ್ಟು ಸಮಯ ಇದೆ ಮೇಡಂ?" ಅಂದರು. ಏಳನೇ ಫಾರಂ ಮುಗಿಯುವವರೆಗೆ ಅಂದೆ.

ಸಮಸ್ಯೆ ಒಂದು ಸಾಲಿನದ್ದಾಗಿರಲಿಲ್ಲ. ಆ ಅಧ್ಯಾಯದಲ್ಲಿ ಮಳೆಯ ರಾತ್ರಿ ನಾಯಕಿಯ ಕೈಗೆ ಒಂದು ಕಾಗದ ಸಿಗುತ್ತದೆ, ಬೆಳಿಗ್ಗೆ ಆ ಬಿಳಿ ತೋಟದ ನಡುವೆ ನಡೆದು ಅವಳು ಊರು ಬಿಡುತ್ತಾಳೆ. ಹೂವು ಬೇಕಾದರೆ ಅವಳು ವಾರ ಕಾಯಬೇಕು. ಕಾಯಿಸಬೇಕಾದರೆ ಹೊಸದಾಗಿ ಎರಡು ಮೂರು ಪುಟ ಬರೆಯಬೇಕು. ಪುಟ ಹೆಚ್ಚಾದರೆ ಮುಂದಿನ ಫಾರಂಗಳೆಲ್ಲ ಸರಿಯುತ್ತವೆ. ಉಳಿದದ್ದು ಒಂದೇ ದಾರಿ, ಹೂವು ತೆಗೆಯುವುದು. ಅದೂ ತೆಗೆದಷ್ಟೇ ಸಾಲು ತುಂಬಿಸಿ, ಪುಟ ಅಲ್ಲಾಡದ ಹಾಗೆ.

ಅವರು ಬ್ಯಾಂಕಿನ ಮೆಟ್ಟಿಲ ಮೇಲೆ ಕೂತು ಫೋನಿನಲ್ಲೇ ಹೇಳಿದರು, ನಾನು ಬರೆದುಕೊಂಡೆ. ಒದ್ದೆ ಗಿಡ, ಹಸಿರು ಮೊಗ್ಗು, ಮಣ್ಣಿನ ವಾಸನೆ. ಸರಿಯಾದ ಸಾಲುಗಳು. ಮೊದಲಿದ್ದ ಸೊಗಸು ಇರಲಿಲ್ಲ. ಮುಂದೆ ಎಲ್ಲೆಲ್ಲಿ ಅವಳು ಆ ಬಿಳಿ ಬೆಳಗನ್ನು ನೆನೆಯುತ್ತಾಳೆ ಅಂತ ಹುಡುಕಬೇಕಿತ್ತು. ವಿನ್ಯಾಸದ ಫೈಲು ನುಡಿ ಫಾಂಟಿನಲ್ಲಿತ್ತು, ಯೂನಿಕೋಡ್ ಅಲ್ಲ. ಅದರಲ್ಲಿ ಹುಡುಕುವುದನ್ನು ನಂಬಿ ಕೂರಲು ಆಗುವುದಿಲ್ಲ. ಡಾಕ್ಸ್‌ನಲ್ಲಿ ಹುಡುಕೋಣವೆಂದರೆ ಕೊನೆಯ ಕರಡಿನ ತಿದ್ದುಪಡಿಗಳು ಅಲ್ಲಿಲ್ಲ. ಪ್ರಿಂಟ್ ತೆಗೆದ ಕರಡನ್ನು ಸಾಲಿನ ಮೇಲೆ ಬೆರಳಿಟ್ಟು ತಿರುವಿದೆ. 203ನೇ ಪುಟದಲ್ಲಿ ಸಿಕ್ಕಿತು. ಎರಡೂ ಪುಟ ತಿದ್ದಿ ಕಳಿಸಿದಾಗ ಏಳನೇ ಫಾರಂ ಇನ್ನೂ ಇಳಿಯುತ್ತಿತ್ತು.

ಒಂದು ಕಡೆ ಮಾತ್ರ ಕೈಮೀರಿತ್ತು. ರಕ್ಷಾಪುಟ ಮೊದಲೇ ಅಚ್ಚಾಗಿ ಲ್ಯಾಮಿನೇಷನ್ ಕೂಡ ಆಗಿತ್ತು. ಅದರ ಹಿಂಬದಿಯಲ್ಲಿ ಒಂದೇ ರಾತ್ರಿಯಲ್ಲಿ ಬೆಳ್ಳಗಾದ ತೋಟ ಹಾಗೇ ಇದೆ. ಮತ್ತೆ ಅಚ್ಚು ಮಾಡಿಸಲು ಯಜಮಾನರು ಒಪ್ಪಲಿಲ್ಲ.

ಲೇಖಕರು ಬೈಯಲಿಲ್ಲ. "ಕರಡು ಹಂತದಲ್ಲೇ ಗೊತ್ತಾಗಿದ್ದರೆ ಆ ಹತ್ತು ದಿನವನ್ನೇ ಇಟ್ಟುಕೊಂಡು ಅಧ್ಯಾಯ ಬರೆಯುತ್ತಿದ್ದೆ" ಅಂದರು. ನನಗೆ ಚುಚ್ಚಿದ್ದು ಇದೇ. ಹೇಳಬೇಕಾದವರು ಸಮಯಕ್ಕೆ ಸರಿಯಾಗಿ ಹೇಳಿದ್ದರು. ಕಾದಂಬರಿ ಇನ್ನೂ ತಿದ್ದಲು ಸಿಗುವ ಹಾಗಿದ್ದಾಗ ಆ ಮಾತು ಲೇಖಕರನ್ನು ತಲುಪಲಿಲ್ಲ. ತಲುಪುವ ಹೊತ್ತಿಗೆ ತೇಪೆ ಹಾಕುವುದು ಬಿಟ್ಟು ಬೇರೆ ಏನೂ ಉಳಿದಿರಲಿಲ್ಲ.

ಈಗ ಡಾಕ್ಸ್ ಕಡ್ಡಾಯ ಅಲ್ಲ. ಯಾರಿಗೆ ಹೇಗೆ ಹೇಳಲು ಸುಲಭವೋ ಹಾಗೆ ಹೇಳಲಿ. ಬಂದ ದಿನವೇ ಪೂರ್ತಿ ಕೇಳಿ ಪುಟದ ಸಂಖ್ಯೆ ಹಾಕಿ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತೇನೆ. ಎಲ್ಲರ ಮಾತೂ ಲೇಖಕರ ಕೈಸೇರಿದೆ ಅಂತ ಖಾತ್ರಿಯಾಗದೆ ವಿನ್ಯಾಸಕ್ಕೆ ಫೈಲು ಬಿಡುವುದಿಲ್ಲ. ಇದಕ್ಕಾಗಿ ಬಿಡುಗಡೆಯ ದಿನ ಮುಂದೆ ಹೋದರೂ ಸರಿ ಅಂತ ಜಗಳ ಆಡಿದ್ದೇನೆ.

ಕಾಲವನ್ನೂ ನೋಡಬೇಕು. ಡಿಸೆಂಬರಿನಿಂದ ಮಾರ್ಚ್ ತನಕ ಕೊಯ್ಲಿನ ಗಡಿಬಿಡಿ. ತೋಟದವರಿಂದ ಆಗ ಓದಿಸುವುದು ಅನ್ಯಾಯ. ಮಳೆಗಾಲದಲ್ಲಿ ಜನ ಮನೆಯಲ್ಲಿ ಸಿಗುತ್ತಾರೆ, ಆದರೆ ಜುಲೈಯಲ್ಲಿ ಭಾಗಮಂಡಲ, ನಾಪೋಕ್ಲು ಕಡೆ ಕರೆಂಟೂ ಇರುವುದಿಲ್ಲ, ನೆಟ್‌ವರ್ಕೂ ಇರುವುದಿಲ್ಲ. ಹಾಗಾಗಿ ಜೂನ್ ಮೊದಲ ವಾರದಲ್ಲೇ ಜೆರಾಕ್ಸ್ ತೆಗೆಸಿ, ದೊಡ್ಡ ಅಕ್ಷರ, ಅಗಲದ ಮಾರ್ಜಿನ್, ಸ್ಪೈರಲ್ ಬೈಂಡಿಂಗ್ ಮಾಡಿಸಿ ಪೆನ್ಸಿಲ್ ಸಮೇತ ಕೊಡುತ್ತೇವೆ.

"ಹೇಗಿದೆ?" ಅಂತ ಕೇಳಬಾರದು. "ಚೆನ್ನಾಗಿದೆ" ಅನ್ನುತ್ತಾರೆ, ಮುಗಿಯಿತು. ಎಲ್ಲಿ ಪುಸ್ತಕ ಕೆಳಗಿಟ್ಟಿರಿ, ಎಲ್ಲಿ ಎರಡು ಸಲ ಓದಬೇಕಾಯಿತು, ಯಾವ ಪುಟ ಹಾರಿಸಿದಿರಿ, ಎಲ್ಲಿ ಇದು ಹೀಗಾಗುವುದಿಲ್ಲ ಅನ್ನಿಸಿತು, ಇಷ್ಟು ಕೇಳಿ. ಹೇಗೆ ಸರಿಪಡಿಸಬೇಕು ಅಂತ ಅವರು ಹೇಳಬೇಕಾಗಿಲ್ಲ, ಅದು ಲೇಖಕರ ಕೆಲಸ. ಗೊತ್ತಿರುವ ಓದುಗರನ್ನೆಲ್ಲ ಮೊದಲ ಕರಡಿಗೇ ಖರ್ಚು ಮಾಡಬೇಡಿ. ಕಥೆ ಗೊತ್ತಿಲ್ಲದೆ ಓದುವ ಅವಕಾಶ ಒಬ್ಬರಿಗೆ ಒಂದೇ ಸಲ. ತಿದ್ದಿದ ಕರಡಿಗೆ ಹೊಸ ಕಣ್ಣು ಬೇಕಲ್ವಾ?

ಓದಿ ಹೇಳುವವರು ಬೇರೆ, ಸಾಲಿಗೆ ಕೈ ಹಾಕಿ ತಿದ್ದುವವರು ಬೇರೆ. ಇನ್ನೊಂದು ಕಥಾಸಂಕಲನದಲ್ಲಿ ಪಾತ್ರಗಳು ಅರೆಭಾಷೆಯಲ್ಲಿ, ಅಂದರೆ ಇಲ್ಲಿನ ಗೌಡರ ಮನೆಮಾತಿನಲ್ಲಿ, ಮಾತಾಡುತ್ತಿದ್ದವು. ಪ್ರೀತಿಯಿಂದ ತಿದ್ದಲು ಕೂತ ಒಬ್ಬ ಹಿರಿಯರು ಅಷ್ಟೂ ಸಂಭಾಷಣೆಯನ್ನು ಗ್ರಂಥದ ಕನ್ನಡಕ್ಕೆ ತಂದುಬಿಟ್ಟರು. ತುಂಬಾ ಶ್ರಮಪಟ್ಟಿದ್ದರು. ಹಳೆಯ ಫೈಲು ಇದ್ದದ್ದರಿಂದ ಬಚಾವಾದೆವು, ಆದರೆ ಅವರಿಗೆ ಬೇಜಾರಾಯಿತು. ಏನನ್ನು ಮುಟ್ಟಬಾರದು ಅಂತ ಮೊದಲೇ ಒಂದು ಹಾಳೆಯಲ್ಲಿ ಬರೆದುಕೊಡಬೇಕಿತ್ತು. ಈಗ ಕೊಡುತ್ತೇವೆ. ಅರೆಭಾಷೆ, ಕೊಡವ ತಕ್ಕ್ (ಕೊಡವ ಭಾಷೆ) ಇರುವ ಕಡೆ ಆ ಭಾಷೆ ಮನೆಯಲ್ಲಾಡುವವರೇ ನೋಡಬೇಕು.

ಕಥೆಯಲ್ಲಿ ಏನಿದೆ ಅಂತ ಕೊಡುವ ಮೊದಲು ಹೇಳುವುದು ಬಹಳ ಮುಖ್ಯ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ಮಕ್ಕಂದೂರು, ಜೋಡುಪಾಲದ ಕಡೆ ಮನೆ ಕಳೆದುಕೊಂಡವರು ಇಲ್ಲೇ ನಮ್ಮ ನಡುವೆ ಇದ್ದಾರೆ. ಅಂಥ ಕಥೆ ಬಂದರೆ ನೇರವಾಗಿ ಹೇಳಿ, ಬೇಡ ಅಂದರೆ ಕಾರಣ ಕೇಳದೆ ಬಿಡಬೇಕು.

ದುಡ್ಡಿನ ವಿಷಯದಲ್ಲಿ ನನ್ನ ಮಾತು ನೇರ. ಓದಿ ಅನಿಸಿದ್ದು ಹೇಳುವುದು ಸ್ನೇಹದ ಕೆಲಸ, ಅದು ಹಾಗೇ ಇರಲಿ. ಇನ್ನೂರು ಪುಟ ಸಾಲು ಸಾಲು ತಿದ್ದುವುದು ದುಡಿಮೆ, ಅದಕ್ಕೆ ಸಂಭಾವನೆ ಕೊಡಬೇಕು. ಪ್ರೀತಿಯಿಂದ ಬರುವವರಿಂದ ಕರಡು ತಿದ್ದುವ ಖರ್ಚು ಉಳಿಸುವುದನ್ನು ನಮ್ಮ ಯಜಮಾನರೂ ಬಿಡಬೇಕು, ಬೇರೆಯವರೂ ಬಿಡಬೇಕು. ಇನ್ನೊಂದು, ಓದಿದವರಿಗೆ ಉತ್ತರ ಕೊಡಿ. ನಿಮ್ಮ ಈ ಮಾತು ತೆಗೆದುಕೊಂಡೆವು, ಇದನ್ನು ಈ ಕಾರಣಕ್ಕೆ ಬಿಟ್ಟೆವು ಅಂತ. ನಾನು ರೈಟರ್ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ, ರಕ್ಷಾಪುಟವನ್ನೂ ತೋರಿಸಿದೆ. ಮುಂದಿನ ಪುಸ್ತಕಕ್ಕೂ ಓದುತ್ತೇನೆ, ಕೊಯ್ಲಿನಲ್ಲಿ ಮಾತ್ರ ಕೊಡಬೇಡಿ ಅಂದರು.

ಈಗ ಒಂದು ಕಾದಂಬರಿ ಬಂದಿದೆ. ಬೆಳೆಗಾರರ ಮನೆ, ಏಲಕ್ಕಿ ತೋಟ, ನಡುವೆ ಒಂದು ಕೋರ್ಟ್ ಕೇಸು. ಏಲಕ್ಕಿ ಒಣಗಿಸುವ ಕೆಲಸ ಮಾಡಿದವರು ಮತ್ತು ಜಮ್ಮಾ ಜಮೀನಿನ (ಕೊಡಗಿನ ಹಳೆಯ ವಂಶಪಾರಂಪರ್ಯ ಹಿಡುವಳಿ) ಕಾಗದಪತ್ರ ಗೊತ್ತಿರುವವರು ಬೇಕು. ಸಾಹಿತ್ಯ ಓದಿರಬೇಕೆಂದಿಲ್ಲ. ಜೂನ್‌ನಲ್ಲಿ ಜೆರಾಕ್ಸ್ ಕೊಡುತ್ತೇನೆ, ಆಗಸ್ಟ್ ಕೊನೆಗೆ ನಾನೇ ಬಂದು ತೆಗೆದುಕೊಂಡು ಹೋಗುತ್ತೇನೆ. ಗೊತ್ತಿರುವವರು ಯಾರಾದರೂ ಇದ್ದರೆ ಹೇಳಿ.