ಮೀನಿನ ತೊಟ್ಟಿಯ ಕೆಳಗೊಂದು ಸಂಪು

ನಮ್ಮ ವಿಜಯಪುರದಲ್ಲಿ ಸಂಪು ಎಂದರೆ ಅಂಗಳದ ನೆಲದೊಳಗೆ ಕಟ್ಟಿಸಿ, ನಳದ ನೀರು ಬಂದ ದಿನ ತುಂಬಿಸಿಕೊಳ್ಳುವ ತೊಟ್ಟಿ. ಆದ್ದರಿಂದ ಅಕ್ವೇರಿಯಮ್ಮಿಗೆ ಸಂಪು ಮಾಡುತ್ತೇನೆಂದು ನಾನು ಹೇಳಿದಾಗ ಅವ್ವ, “ಮೀನಿಗೂ ಒಂದು ಸಂಪ ಬೇಕೇನೋ? ಇರೂ ನೀರ ನಮಗ ಸಾಲವಲ್ದು” ಎಂದಿದ್ದಳು. ಮೀನಿನ ಸಂಪು ನೀರನ್ನು ಕೂಡಿಡುವುದಕ್ಕಿಂತ ಹೆಚ್ಚಾಗಿ ಅದನ್ನು ಸುತ್ತಾಡಿಸಿ ಶುದ್ಧಮಾಡುವುದಕ್ಕೆ ಇರುವಂಥದ್ದೆಂದು ಅವಳಿಗೆ ತಿಳಿಸಿ ಹೇಳುವಷ್ಟು ಸ್ಪಷ್ಟತೆ ಆಗ ನನಗೂ ಇರಲಿಲ್ಲ.

ನನ್ನ ತೊಟ್ಟಿ 120 ಸೆಂ.ಮೀ. ಉದ್ದ, 45 ಅಗಲ, 45 ಎತ್ತರ. ಅಂಚಿನವರೆಗೆ ತುಂಬಿದರೆ 243 ಲೀಟರ್. ಅದರಲ್ಲಿರುವುದು ಆಫ್ರಿಕಾದ ಮಲಾವಿ ಸರೋವರದ ಸಿಕ್ಲಿಡ್ ಮೀನುಗಳು. ಅವು ಗಡಸು ನೀರಿನವು, ನಮ್ಮ ಬೋರಿನ ನೀರೂ ಗಡಸೇ. ಹೀಗಾಗಿ ಆಯ್ಕೆ ಸುಲಭವಾಯಿತು. ಆದರೆ ಇವು ಜಗಳಗಂಟಿ ಮೀನುಗಳು. ಒಂದೇ ಮೀನು ಎಲ್ಲರ ಪೆಟ್ಟು ತಿನ್ನಬಾರದೆಂದು ಗುಂಪನ್ನು ಸ್ವಲ್ಪ ದೊಡ್ಡದಾಗಿಯೇ ಇಡುತ್ತಾರೆ. ಗುಂಪು ದೊಡ್ಡದಾದಷ್ಟೂ ಹೊಲಸು ಹೆಚ್ಚು, ಅದನ್ನು ತೊಟ್ಟಿಯೊಳಗೆ ತೂಗುಹಾಕುವ ಸಣ್ಣ ಫಿಲ್ಟರ್ ತಡೆಯಲಾರದು.

ಸಂಪಿನ ಕೆಲಸ ಸರಳವಾದದ್ದು. ಮೇಲಿನ ತೊಟ್ಟಿಯ ಮೂಲೆಯಲ್ಲಿ ಗಾಜಿನದೊಂದು ಪೆಟ್ಟಿಗೆ ಇರುತ್ತದೆ. ನೀರು ಅದರ ಬಾಚಣಿಕೆಯಂಥ ಹಲ್ಲುಗಳ ನಡುವಿನಿಂದ ಒಳಗೆ ಉಕ್ಕಿ, ತಳದ ರಂಧ್ರಕ್ಕೆ ಕೂಡಿಸಿದ ಪೈಪಿನ ಮೂಲಕ ತನ್ನ ಭಾರದಿಂದಲೇ ಕೆಳಗಿನ ಗಾಜಿನ ಸಂಪಿಗೆ ಇಳಿಯುತ್ತದೆ. ಅಲ್ಲಿ ಮೊದಲ ಕೋಣೆಯ ಸ್ಪಂಜಿನಲ್ಲಿ ಕಸ ನಿಲ್ಲುತ್ತದೆ. ಎರಡನೆಯ ಕೋಣೆಯ ಸೆರಾಮಿಕ್ ಉಂಗುರಗಳ ಮೇಲೆ ನೆಲೆಸುವ ಬ್ಯಾಕ್ಟೀರಿಯಾಗಳು ಮೀನಿನ ಹೊಲಸಿನ ಅಮೋನಿಯಾವನ್ನು ನೈಟ್ರೈಟ್ ಆಗಿ, ಆಮೇಲೆ ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ಮೊದಲೆರಡು ಅಲ್ಪ ಪ್ರಮಾಣದಲ್ಲಿಯೇ ವಿಷ. ಕೊನೆಯದನ್ನು ಮೀನು ಬಹಳಷ್ಟು ತಾಳಿಕೊಳ್ಳುತ್ತದೆ, ವಾರಕ್ಕೊಮ್ಮೆ ಸ್ವಲ್ಪ ನೀರು ಬದಲಿಸಿದರೆ ಅದೂ ತಗ್ಗುತ್ತದೆ. ಮೂರನೆಯ ಕೋಣೆಯ ಪಂಪು ನೀರನ್ನು ಮತ್ತೆ ಮೇಲಕ್ಕೆ ಎತ್ತುತ್ತದೆ. ಇದನ್ನು ಅರ್ಥಮಾಡಿಕೊಳ್ಳುವಾಗ ನನಗೆ ನೆನಪಾದದ್ದು ನಮ್ಮೂರಿನ ಗಂಜ್ ಎಂಬ ಹಳೆಯ ನೀರಿನ ಗೋಪುರಗಳು. 1651ರಲ್ಲಿ ಮುಹಮ್ಮದ್ ಆದಿಲ್ ಷಾ ಕಟ್ಟಿಸಿದ ಬೇಗಂ ತಲಾಬಿನಿಂದ ಮಣ್ಣಿನ ಕೊಳವೆಗಳಲ್ಲಿ ಊರಿಗೆ ಬರುತ್ತಿದ್ದ ನೀರು ದಾರಿಯಲ್ಲಿ ಈ ಗೋಪುರಗಳೊಳಗೆ ಏರಿ ಇಳಿಯುತ್ತಿತ್ತು. ಕೊಳವೆಯ ಒತ್ತಡ ಅಲ್ಲಿ ತಗ್ಗುತ್ತಿತ್ತು, ಕೆಸರು ಅಲ್ಲಿಯೇ ತಳಕ್ಕೆ ಕೂಡುತ್ತಿತ್ತು. ನನ್ನ ಸಂಪಿನ ಮೊದಲ ಕೋಣೆಯೂ ಇದನ್ನೇ ಮಾಡುತ್ತದೆ, ಗೋಪುರದ ವೈಭವವೊಂದಿಲ್ಲ, ಅಷ್ಟೆ.

ಸಂಪಿನ ಗಾಜನ್ನು ನಾನು 90, 35, 35 ಸೆಂ.ಮೀ. ಅಳತೆಗೆ ಕೊಯ್ಯಿಸಿದೆ. ಮೇಲಿನ ತೊಟ್ಟಿಗೆ ರಂಧ್ರ ಕೊರೆಸಲು ಹೋದಾಗ ಅಂಗಡಿಯವರು ಡ್ರಿಲ್ಲನ್ನು ಕೈಗೆತ್ತಿಕೊಳ್ಳುವ ಮೊದಲೇ, “ಸರ, ತಳದ ಗಾಜು ಟಫನ್ ಅದನೋ, ಸಾದಾ ಅದನೋ, ಮೊದಲ ಅದನ್ನ ಹೇಳ್ರಿ. ಟಫನ್ ಇದ್ರ ಡ್ರಿಲ್ ಹಚ್ಚಿದ ಕೂಡಲೇ ಪುಡಿಪುಡಿ ಆಗ್ತದ” ಎಂದರು. ಟಫನ್ ಎಂದರೆ ಕಾಯಿಸಿ ಗಟ್ಟಿಮಾಡಿದ ಗಾಜು. ಪುಣ್ಯಕ್ಕೆ ನನ್ನದು ಸಾದಾ ಗಾಜಾಗಿತ್ತು. ಜೋಡಣೆಗೆ ಬಳಸುವ ಸಿಲಿಕೋನ್‌ನಲ್ಲಿ ಬೂಷ್ಟು ತಡೆಯುವ ಔಷಧಿ ಬೆರೆತಿರಬಾರದು. ಬಚ್ಚಲುಮನೆಗೆಂದು ಮಾರುವ ಟ್ಯೂಬುಗಳಲ್ಲಿ ಅದು ಇರುವುದುಂಟು, ಅದು ಮೀನಿಗೆ ವಿಷ. ಕೋಣೆಗಳ ನಡುವಿನ ಅಡ್ಡಗಾಜುಗಳಲ್ಲಿ ಕೊನೆಯ ಮೂರನ್ನು ಒಂದರ ಮೇಲಿನಿಂದ, ಮುಂದಿನದರ ಕೆಳಗಿನಿಂದ, ಮತ್ತೊಂದರ ಮೇಲಿನಿಂದ ನೀರು ಹಾಯುವಂತೆ ಅಂಟಿಸಿದೆ. ಹೀಗೆ ಏರಿಳಿಯುವಾಗ ಗುಳ್ಳೆಗಳು ಮೇಲೆ ತೇಲಿ ಒಡೆಯುತ್ತವೆ, ಪಂಪಿನವರೆಗೆ ಹೋಗುವುದಿಲ್ಲ.

ಇಷ್ಟೆಲ್ಲ ಅಚ್ಚುಕಟ್ಟಾಗಿ ಮಾಡಿದವನು ಒಂದು ಲೆಕ್ಕವನ್ನು ಮರೆತಿದ್ದೆ. ಮೂರನೆಯ ರಾತ್ರಿ ಕರೆಂಟು ಹೋಯಿತು. ಬೆಳಗ್ಗೆ ಎದ್ದು ನೋಡಿದರೆ ಪಡಸಾಲೆಯ ಶಹಾಬಾದ್ ಕಲ್ಲಿನ ಮೇಲೆ ನೀರು ನಿಂತು, ಅವ್ವನ ಚಾಪೆ ತೊಯ್ದು ತಪ್ಪಡಿಯಾಗಿತ್ತು. ಪಂಪಿನಿಂದ ಮೇಲೆ ಬರುವ ಪೈಪಿನ ಬಾಯನ್ನು, ನೋಡಲು ಚೆಂದವೆಂದು, ನೀರಿನ ಮಟ್ಟಕ್ಕಿಂತ 12 ಸೆಂ.ಮೀ. ಕೆಳಗೆ ಮುಳುಗಿಸಿದ್ದೆ. ಪಂಪು ನಿಂತೊಡನೆ ಅದೇ ಪೈಪು ಸೈಫನ್ ಆಗಿ, ಬಾಯಿಗೆ ಗಾಳಿ ತಗಲುವವರೆಗೂ ತೊಟ್ಟಿಯ ನೀರನ್ನು ಕೆಳಕ್ಕೆ ಎಳೆಯಿತು. ನನ್ನ ತೊಟ್ಟಿಯಲ್ಲಿ ಒಂದು ಸೆಂ.ಮೀ. ನೀರೆಂದರೆ 5.4 ಲೀಟರ್, ಹನ್ನೆರಡಕ್ಕೆ ಸುಮಾರು 65 ಲೀಟರ್ ಆಯಿತು. 110 ಲೀಟರ್ ಹಿಡಿಯುವ ಸಂಪಿನಲ್ಲಿ ಆಗಲೇ 65 ಲೀಟರ್ ಇತ್ತು. ಉಳಿದ 20 ಲೀಟರ್ ಚಾಪೆಯ ಪಾಲಿಗೆ ಬಂತು.

ಪಂಪು ಓಡುವಾಗ ಎಂಥ ಸಂಪೂ ಚೆನ್ನಾಗಿಯೇ ಕಾಣುತ್ತದೆ. ಅಳತೆ ಹಿಡಿಯಬೇಕಾದದ್ದು ಅದು ನಿಂತಾಗಿನ ಸ್ಥಿತಿಗೆ ಎಂಬುದು ನನಗೆ ಅಂದು ತಿಳಿಯಿತು. ಪೈಪಿನ ಬಾಯನ್ನು ಮೇಲೆತ್ತಿ ನೀರಿನ ಮಟ್ಟದಿಂದ ಎರಡೇ ಸೆಂ.ಮೀ. ಕೆಳಗಿಟ್ಟೆ, ಮಟ್ಟದ ತುಸುವೇ ಕೆಳಗೆ ಪೈಪಿಗೆ 6 ಮಿ.ಮೀ. ತೂತನ್ನೂ ಕೊರೆದೆ, ಮಟ್ಟ ಅಲ್ಲಿಗೆ ಇಳಿದೊಡನೆ ತೂತಿನಿಂದ ಗಾಳಿ ನುಗ್ಗಿ ಸೈಫನ್ ಕಡಿಯುತ್ತದೆ. ಪಾಚಿ ಕಟ್ಟಿದರೆ ತೂತು ಇದ್ದೂ ಇಲ್ಲದಂತೆ, ಆದ್ದರಿಂದ ವಾರಕ್ಕೊಮ್ಮೆ ಹಲ್ಲುಕಡ್ಡಿ ಹಾಕುತ್ತೇನೆ. ನೀರು ಹಿಂದಕ್ಕೆ ಬಾರದಂತೆ ಚೆಕ್ ವಾಲ್ವ್ ಹಾಕಿ ಎಂದು ಕೆಲವರು ಹೇಳಿದರು. ಆದರೆ ಒಂದು ಶಂಖದ ಹುಳು ಅಥವಾ ಮರಳಿನ ಕಾಳು ಸಿಕ್ಕಿಕೊಂಡರೂ ಅದು ಪೂರ್ತಿ ಮುಚ್ಚುವುದಿಲ್ಲವಾದ್ದರಿಂದ ನಾನು ಅದನ್ನು ನಂಬಲಿಲ್ಲ. ಈಗ ಪಂಪು ನಿಂತರೆ ಪೈಪು, ಪೆಟ್ಟಿಗೆಗಳ ನೀರೂ ಸೇರಿ 15 ಲೀಟರ್ ಇಳಿಯುತ್ತದೆ, ಸಂಪಿನಲ್ಲಿ 45 ಲೀಟರಿಗೆ ಜಾಗವಿದೆ.

ಇದರ ತಿರುವುಮುರುವನ್ನೂ ಲೆಕ್ಕ ಹಾಕಬೇಕು. ಇಳಿಯುವ ಪೈಪಿಗೆ ಎಲೆಯೋ ಸತ್ತ ಮೀನೋ ಅಡ್ಡಬಂದರೆ ಪಂಪು ತನ್ನ ಕೋಣೆ ಬರಿದಾಗುವವರೆಗೂ ಮೇಲಕ್ಕೆ ಎತ್ತುತ್ತಲೇ ಇರುತ್ತದೆ. ನನ್ನ ಪಂಪಿನ ಕೋಣೆ 25 ಸೆಂ.ಮೀ. ಉದ್ದ, ನೀರು 18 ಸೆಂ.ಮೀ. ಆಳ, ಹತ್ತಿರ ಹತ್ತಿರ 16 ಲೀಟರ್. ಅಷ್ಟೂ ಮೇಲೆ ಹೋದರೆ ತೊಟ್ಟಿಯ ಮಟ್ಟ 3 ಸೆಂ.ಮೀ. ಏರುತ್ತದೆ, ನಾನು 4 ಸೆಂ.ಮೀ. ಅಂಚು ಬಿಟ್ಟಿದ್ದೇನೆ. ಪಂಪಿನ ಕೋಣೆಯನ್ನು ಚಿಕ್ಕದಾಗಿಡುವುದು ಇದಕ್ಕಾಗಿಯೇ.

ಪಂಪಿನ ಡಬ್ಬಿಯ ಮೇಲೆ ಗಂಟೆಗೆ 2500 ಲೀಟರ್ ಎಂದಿತ್ತು. ಅದು ನೀರನ್ನು ಎತ್ತರಕ್ಕೆ ಏರಿಸದೆ ಸಿಗುವ ಲೆಕ್ಕ. ಮೇಲಿನ ಬಾಯಿಗೆ 15 ಲೀಟರಿನ ಬಕೆಟ್ಟು ಹಿಡಿದು ಗಡಿಯಾರ ನೋಡಿದೆ, ತುಂಬಲು 40 ಸೆಕೆಂಡು ಬೇಕಾಯಿತು. ಅಂದರೆ ಗಂಟೆಗೆ 1350 ಲೀಟರ್. ತೊಟ್ಟಿಯ ನೀರು ಗಂಟೆಗೆ ಆರು ಸಲ ಸುತ್ತಿಬರಲು ಅದು ಸಾಕು.

ಬೇಸಿಗೆಯಲ್ಲಿ ಇಲ್ಲಿ ಬಿಸಿಲು 40 ಡಿಗ್ರಿ ಮುಟ್ಟಿದಾಗ ಸಂಪಿನ ಮೇಲೊಂದು ಸಣ್ಣ ಫ್ಯಾನ್ ತಿರುಗಿಸುತ್ತೇನೆ. ನೀರು ಆವಿಯಾಗುತ್ತ ತಾನೇ ತಂಪಾಗುತ್ತದೆ. ಆವಿಯಾದ ನೀರಿನ ಕೊರತೆ ಪಂಪಿನ ಕೋಣೆಯಲ್ಲಿ ಮಾತ್ರ ಕಾಣುತ್ತದೆ, ಮೇಲಿನ ತೊಟ್ಟಿಯ ಮಟ್ಟ ಕದಲುವುದಿಲ್ಲ. ಆವಿಯಾಗುವುದು ನೀರು ಮಾತ್ರ, ಅದರಲ್ಲಿದ್ದ ಸುಣ್ಣ ಅಲ್ಲಿಯೇ ಉಳಿಯುತ್ತದೆ. ಮತ್ತೆ ಬೋರಿನ ನೀರನ್ನೇ ಸುರಿದರೆ ಮಲಾವಿ ಮೀನಿಗೂ ಅತಿಯಾಗುವಷ್ಟು ಗಡಸಾದೀತೆಂದು ಲವಣ ಸೋಸಿ ತೆಗೆದ ಆರ್‌ಓ ನೀರು ಹಾಕುತ್ತೇನೆ. ಆ ಕೋಣೆಯ ಗಾಜಿನ ಹೊರಗೆ ಮಾರ್ಕರಿನಿಂದ ಒಂದು ಗೆರೆ ಎಳೆದಿದ್ದೇನೆ. ನಾನು ಊರಿಗೆ ಹೋದ ದಿನಗಳಲ್ಲಿ ಅವ್ವ ಬೆಳಗಿನ ಚಹಾ ಆದ ಮೇಲೆ ಸಂಪಿನ ಕಪಾಟಿನ ಬಾಗಿಲು ತೆರೆದು ಬಗ್ಗಿ ನೋಡಿ, ಗೆರೆ ಮುಟ್ಟುವವರೆಗೆ ತಂಬಿಗೆಯಿಂದ ನೀರು ಹಾಕುತ್ತಾಳೆ. ಚಾಪೆಯನ್ನು ಮಾತ್ರ ಆ ಗೋಡೆಯ ಕಡೆ ಮತ್ತೆಂದೂ ಹಾಸಲಿಲ್ಲ.