ಪಾಸ್ತಾ ಸಾಸಿಗೆ ಮೈದಾ ಬೇಡ, ಇಂಗಿನ ಮೇಲೂ ಒಂದು ಕಣ್ಣಿರಲಿ

ಟೊಮೆಟೊ, ಬೆಳ್ಳುಳ್ಳಿ, ಎಣ್ಣೆ, ಉಪ್ಪು: ಇವುಗಳಲ್ಲಿ ಯಾವುದರಲ್ಲೂ ಗ್ಲುಟೆನ್ (ಗೋಧಿ, ಬಾರ್ಲಿಯಲ್ಲಿರುವ ಪ್ರೋಟೀನ್) ಇಲ್ಲ. ಹಾಲು, ಬೆಣ್ಣೆ, ಗೋಡಂಬಿಯಲ್ಲೂ ಇಲ್ಲ. ಅಂದರೆ ಸಾಸ್ ಹುಟ್ಟಿನಿಂದಲೇ ಗ್ಲುಟೆನ್ ಇಲ್ಲದ ಪದಾರ್ಥ. ಅದಕ್ಕೆ ಗೋಧಿ ಸೇರುವುದು ಮೂರು ದಾರಿಯಲ್ಲಿ: ಗಟ್ಟಿ ಮಾಡಲು ಹಾಕುವ ಹಿಟ್ಟು, ರುಚಿಗೆ ಹಾಕುವ ಪುಡಿ, ಮತ್ತು ಅಡುಗೆಮನೆಯ ಜರಡಿ–ಸೌಟು. ಮೊದಲನೆಯದು ಎಲ್ಲರಿಗೂ ಗೊತ್ತು. ಉಳಿದ ಎರಡರಲ್ಲೇ ಹೆಚ್ಚಿನವರು ಎಡವುವುದು.

ಪುಡಿಯಿಂದಲೇ ಶುರು ಮಾಡೋಣ, ಯಾಕೆಂದರೆ ಮುಂಬೈಯಲ್ಲಿ ಇದು ದೊಡ್ಡ ವಿಷಯ. ಇಲ್ಲಿ ಈರುಳ್ಳಿ, ಬೆಳ್ಳುಳ್ಳಿ ಇಲ್ಲದ ಜೈನ್ ರೆಡ್ ಸಾಸ್ ಎಲ್ಲ ಕಡೆ ಸಿಗುತ್ತದೆ. ಬೆಳ್ಳುಳ್ಳಿಯ ಜಾಗ ತುಂಬಲು ಅದಕ್ಕೆ ಇಂಗು ಹಾಕುವುದುಂಟು. ಶುದ್ಧ ಇಂಗು ಗಿಡದ ಬೇರಿನಿಂದ ಒಸರುವ ಅಂಟು. ಹಾಗೇ ಬಳಸಿದರೆ ಘಾಟು ತಡೆಯಲಾಗದು, ಪುಡಿ ಮಾಡುವುದೂ ಕಷ್ಟ. ಅದಕ್ಕೇ ಗೋಂದು ಮತ್ತು ಮೈದಾ ಅಥವಾ ಅಕ್ಕಿಹಿಟ್ಟು ಸೇರಿಸಿ ಡಬ್ಬಿಗೆ ತುಂಬುತ್ತಾರೆ. ಇಲ್ಲಿಯ ಅಂಗಡಿಗಳಲ್ಲಿ ಇದಕ್ಕೆ ಬಂಧಾನಿ ಹಿಂಗ್ ಎನ್ನುತ್ತಾರೆ. ಎಷ್ಟೋ ಡಬ್ಬಿಗಳಲ್ಲಿ ಇಂಗಿಗಿಂತ ಹಿಟ್ಟೇ ಜಾಸ್ತಿ.

ಒಂದು ಚಿಟಿಕೆಯಿಂದ ಏನಾದೀತು ಎಂದು ಕೇಳುವವರಿಗೆ ಲೆಕ್ಕ ಹೀಗಿದೆ. ಗ್ಲುಟೆನ್ ಫ್ರೀ ಎಂದು ಮುದ್ರಿಸಲು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಇಟ್ಟಿರುವ ಮಿತಿ ಕಿಲೋ ಆಹಾರಕ್ಕೆ 20 ಮಿಲಿಗ್ರಾಂ. ಒಂದು ಗ್ರಾಂ ಮೈದಾದಲ್ಲಿ ಸುಮಾರು 80 ಮಿಲಿಗ್ರಾಂ ಗ್ಲುಟೆನ್ ಇರುತ್ತದೆ. ಹಾಗಾಗಿ ಒಂದು ಕಿಲೋ ಸಾಸಿಗೆ ಕಾಲು ಗ್ರಾಂ ಮೈದಾ ಬಿದ್ದರೆ ಮಿತಿ ಮುಟ್ಟಿದಂತೆ. ಕಾಲು ಟೀ ಚಮಚ ಇಂಗಿನ ಪುಡಿ ಅರ್ಧ ಗ್ರಾಂಗಿಂತ ಹೆಚ್ಚೇ ತೂಗುತ್ತದೆ. ಅದರಲ್ಲಿ ಅರ್ಧ ಮೈದಾ ಇದ್ದರೂ ಮಿತಿ ದಾಟಿತು. ಸೀಲಿಯಾಕ್ ಕಾಯಿಲೆ (ಗ್ಲುಟೆನ್ ತಿಂದರೆ ಸಣ್ಣ ಕರುಳಿಗೆ ಹಾನಿಯಾಗುವ ಕಾಯಿಲೆ) ಇರುವವರ ಮಟ್ಟಿಗೆ ಇದು ಅತಿ ಜಾಗ್ರತೆಯಲ್ಲ, ಬೇಕಾದಷ್ಟೇ ಜಾಗ್ರತೆ. ಅಕ್ಕಿಹಿಟ್ಟು ಸೇರಿಸಿದ ಇಂಗು ಸಿಗುತ್ತದೆ, ಪದಾರ್ಥಗಳ ಸಾಲು ಓದಿ ಆರಿಸಿಕೊಳ್ಳಿ. ನಮ್ಮ ಕನ್ನಡದ ಮನೆಗಳಲ್ಲಿ ಸಾರಿನ ಪುಡಿ, ಹುಳಿಪುಡಿ, ಹಪ್ಪಳ ಎಲ್ಲದರಲ್ಲೂ ಇಂಗು ಇರುವುದರಿಂದ ಈ ಓದುವ ಅಭ್ಯಾಸ ಪಾಸ್ತಾದ ದಿನಕ್ಕಷ್ಟೇ ಸಾಲದು.

ಈಗ ಬಿಳಿ ಸಾಸ್. ಮೈದಾ ಬಿಟ್ಟವರು ಸಾಮಾನ್ಯವಾಗಿ ಕಾರ್ನ್‌ಫ್ಲೋರ್ ಹಿಡಿಯುತ್ತಾರೆ, ಅಷ್ಟೇ ಅಳತೆಯಲ್ಲಿ ಹಾಕುತ್ತಾರೆ, ಸಾಸ್ ಅಂಟಿನಂತಾಗುತ್ತದೆ. ಕಾರ್ನ್‌ಫ್ಲೋರ್ ಪೂರ್ತಿ ಪಿಷ್ಟ. ಮೈದಾದ ಅರ್ಧದಷ್ಟು ಹಾಕಿದರೆ ಸಾಕು. ಅದರ ಇನ್ನೊಂದು ಗುಣವೂ ತಿಳಿದಿರಬೇಕು: ಕುದಿ ಬರುವವರೆಗೆ ಅದು ಪೂರ್ತಿ ಗಟ್ಟಿಯಾಗುವುದಿಲ್ಲ, ಗಟ್ಟಿಯಾದ ಮೇಲೆ ತುಂಬಾ ಹೊತ್ತು ಕುದಿಸಿದರೆ ಅಥವಾ ಜೋರಾಗಿ ತಿರುವಿದರೆ ಮತ್ತೆ ತೆಳುವಾಗುತ್ತದೆ. ನಿಂಬೆರಸ ಮೊದಲೇ ಹಾಕಿದರೂ ಹಾಗೇ, ಹುಳಿ ಬಿಸಿಯಲ್ಲಿ ಪಿಷ್ಟವನ್ನು ಒಡೆಯುತ್ತದೆ. ಫ್ರಿಜ್‌ನಲ್ಲಿಟ್ಟರೆ ಮರುದಿನ ಮೇಲೆ ನೀರು ಬಿಡುತ್ತದೆ, ಫ್ರೀಜರ್‌ನಲ್ಲಿಟ್ಟರೆ ಸ್ಪಂಜಿನಂತಾಗುತ್ತದೆ.

ಅಕ್ಕಿಹಿಟ್ಟು ಇದಕ್ಕಿಂತ ತಾಳ್ಮೆಯ ಪದಾರ್ಥ. ಹೆಚ್ಚು ಹೊತ್ತು ಬೆಂದರೂ ಕೆಡುವುದಿಲ್ಲ, ನೀರು ಬಿಡುವುದೂ ಕಡಿಮೆ. ಆದರೆ ಹಿಟ್ಟು ನುಣ್ಣಗಿಲ್ಲದಿದ್ದರೆ ನಾಲಿಗೆಗೆ ತರಿತರಿಯಾಗುತ್ತದೆ. ಎರಡನ್ನೂ ಬೆರೆಸುವುದೇ ಸರಿ ಎಂಬುದು ನಮ್ಮ ಅಭಿಪ್ರಾಯ: ಅರ್ಧ ಲೀಟರ್ ಹಾಲಿಗೆ 30 ಗ್ರಾಂ ಬೆಣ್ಣೆ, 20 ಗ್ರಾಂ ನುಣುಪಾದ ಅಕ್ಕಿಹಿಟ್ಟು, 8 ಗ್ರಾಂ ಕಾರ್ನ್‌ಫ್ಲೋರ್. ಸಣ್ಣ ಉರಿಯಲ್ಲಿ ಬೆಣ್ಣೆ ಕರಗಿಸಿ ಅಕ್ಕಿಹಿಟ್ಟನ್ನು ಎರಡು ನಿಮಿಷ ಹುರಿಯಿರಿ. ಹಸಿ ವಾಸನೆ ಹೋಗಬೇಕು, ಬಣ್ಣ ಬದಲಾಗಬಾರದು. ಬಾಣಲೆಯನ್ನು ಒಲೆಯಿಂದ ಇಳಿಸಿ 100 ಮಿಲಿ ಹಾಲು ಹಾಕಿ ವಿಸ್ಕ್‌ನಲ್ಲಿ ಗಂಟಿಲ್ಲದಂತೆ ಕದಡಿ, ಆಮೇಲೆ ಇನ್ನೊಂದು 350 ಮಿಲಿ ಹಾಲನ್ನು ಎರಡು ಸಲಕ್ಕೆ ಸೇರಿಸಿ. ಗಂಟು ಕಟ್ಟುವುದು ಒಮ್ಮೆಗೇ ಎಲ್ಲ ಹಾಲು ಸುರಿದಾಗ: ಹಿಟ್ಟಿನ ಮುದ್ದೆಯ ಹೊರಪದರ ಮೊದಲು ಬೆಂದು ಒಳಗಿನದಕ್ಕೆ ಹಾಲು ತಲುಪದಂತೆ ತಡೆಯುತ್ತದೆ. ಮತ್ತೆ ಒಲೆಗಿಟ್ಟು ಆರೇಳು ನಿಮಿಷ ಸಣ್ಣಗೆ ಬೇಯಿಸಿ. ಉಳಿದ 50 ಮಿಲಿ ತಣ್ಣನೆ ಹಾಲಿನಲ್ಲಿ ಕಾರ್ನ್‌ಫ್ಲೋರ್ ಕಲಸಿ ಕೊನೆಗೆ ಹಾಕಿ, ಒಂದು ಕುದಿ ಬಂದ ಕೂಡಲೇ ಇಳಿಸಿ. ಉಪ್ಪು, ಕಾಳುಮೆಣಸು, ಜಾಯಿಕಾಯಿ ಆಮೇಲೆ. ಚೀಸ್ ಹಾಕುವುದಿದ್ದರೆ ಉರಿ ಆರಿಸಿ ಹಾಕಿ, ಕುದಿಯುವ ಸಾಸಿನಲ್ಲಿ ಅದು ಒಡೆದು ಎಣ್ಣೆ ಬಿಡುತ್ತದೆ.

ಇಳಿಸುವಾಗ ಸಾಸ್ ನಿಮಗೆ ಬೇಕಾದ್ದಕ್ಕಿಂತ ಸ್ವಲ್ಪ ತೆಳುವಾಗಿಯೇ ಇರಲಿ, ಆರುತ್ತಾ ಗಟ್ಟಿಯಾಗುತ್ತದೆ. ಬಾಯಿಗಿಟ್ಟ ಚಮಚವನ್ನು ಮತ್ತೆ ಪಾತ್ರೆಗೆ ಅದ್ದಬೇಡಿ. ಎಂಜಲಿನ ಮಾತು ಬಿಡಿ, ಎಂಜಲಿನಲ್ಲಿರುವ ಕಿಣ್ವ ಪಿಷ್ಟವನ್ನು ಕರಗಿಸುತ್ತದೆ, ಇಟ್ಟ ಸಾಸ್ ನೀರಾಗಲು ಅದೂ ಒಂದು ಕಾರಣ.

ಅಕ್ಕಿಹಿಟ್ಟನ್ನು ಓಣಿಯ ಗಿರಣಿಯಲ್ಲಿ ಬೀಸಿಸಬೇಡಿ. ಅದೇ ಕಲ್ಲಿನಲ್ಲಿ ಇಡೀ ದಿನ ಗೋಧಿ ಬೀಳುತ್ತದೆ, ನಿಮ್ಮ ಅಕ್ಕಿಯ ಮೊದಲ ಹಿಡಿಯೊಂದಿಗೆ ಹಳೆಯ ಗೋಧಿಹಿಟ್ಟೂ ಬರುತ್ತದೆ. ಕಡಲೆಹಿಟ್ಟು, ಜೋಳದ ಹಿಟ್ಟಿಗೂ ಇದೇ ಮಾತು. ಗ್ಲುಟೆನ್ ಫ್ರೀ ಎಂದು ಮುದ್ರಿಸಿರುವ ಪ್ಯಾಕೆಟ್ ತನ್ನಿ, ಇಲ್ಲವೇ ಅಕ್ಕಿ ತೊಳೆದು ಆರಿಸಿ ಮನೆಯ ಮಿಕ್ಸಿಯಲ್ಲಿ ಪುಡಿ ಮಾಡಿ ಜರಡಿ ಹಿಡಿಯಿರಿ. ಆ ಜರಡಿ ಬೇರೆಯದೇ ಆಗಿರಬೇಕು. ಚಪಾತಿ ಹಿಟ್ಟು ಜರಡಿ ಹಿಡಿದ ಬಲೆಯ ಸಂದಿಯಲ್ಲಿ ಹಿಟ್ಟು ಕೂತಿರುತ್ತದೆ, ಎಷ್ಟು ತೊಳೆದರೂ ನಂಬಿಕೆ ಸಾಲದು. ಮರದ ಸೌಟು, ಪಾಸ್ತಾ ಬಸಿಯುವ ತೂತಿನ ಪಾತ್ರೆ ಕೂಡ ಹಾಗೇ.

ಕೆಂಪು ಸಾಸಿಗೆ ಹಿಟ್ಟೇ ಬೇಕಾಗಿಲ್ಲ. ಬೇಕೆನಿಸಿದರೆ ಟೊಮೆಟೊ ಸಾಕಷ್ಟು ಬತ್ತಿಲ್ಲ ಎಂದರ್ಥ. ಪುಣೆಯ ಕಡೆಯ ನಾರಾಯಣಗಾಂವ್ ದೊಡ್ಡ ಟೊಮೆಟೊ ಮಾರುಕಟ್ಟೆ. ಮುಂಬೈಯ ದಾದರ್, ಮಾಟುಂಗಾದಲ್ಲಿ ಕೊಳ್ಳುವಾಗ ಮೊಟ್ಟೆಯಾಕಾರದ, ದಪ್ಪ ತಿರುಳಿನ, ಕೆಂಪಗೆ ಹಣ್ಣಾದವನ್ನು ಆರಿಸಿ. ದುಂಡನೆಯ ಗಾವ್ಠಿ (ನಾಟಿ) ಟೊಮೆಟೊ ಸಾರಿಗೆ ಚೆನ್ನ, ಸಾಸಿಗೆ ಹುಳಿ ಹೆಚ್ಚು. ಒಂದು ಕಿಲೋ ಹಣ್ಣಿಗೆ ಅಡ್ಡ ಗೀರು ಹಾಕಿ ಕುದಿಯುವ ನೀರಿನಲ್ಲಿ ಒಂದು ನಿಮಿಷ ಬಿಟ್ಟು ಸಿಪ್ಪೆ ತೆಗೆಯಿರಿ. ಬೀಜದ ಸುತ್ತಲಿನ ಲೋಳೆಯನ್ನು ಎಸೆಯಬೇಡಿ, ರುಚಿಯ ಸಾರ ಇರುವುದೇ ಅದರಲ್ಲಿ. ಮೂರು ದೊಡ್ಡ ಚಮಚ ಎಣ್ಣೆಯಲ್ಲಿ ಐದು ಎಸಳು ಬೆಳ್ಳುಳ್ಳಿಯನ್ನು ಹುರಿದು, ಹೊಂಬಣ್ಣ ಬರುವ ಮೊದಲೇ ನಿಲ್ಲಿಸಿ (ಕಂದಿದರೆ ಕಹಿ ಕಡೆಯವರೆಗೂ ಉಳಿಯುತ್ತದೆ), ಟೊಮೆಟೊ ಮತ್ತು ಒಂದು ಟೀ ಚಮಚ ಉಪ್ಪು ಹಾಕಿ ಅಗಲ ಬಾಯಿಯ ಸ್ಟೀಲ್ ಪಾತ್ರೆಯಲ್ಲಿ ಮುಚ್ಚದೆ 40 ನಿಮಿಷ ಬತ್ತಿಸಿ. ಅರ್ಧ ಕಿಲೋದ ಹತ್ತಿರ ಉಳಿಯಬೇಕು. ಅಲ್ಯೂಮಿನಿಯಂ ಪಾತ್ರೆ ಬೇಡ, ಹುಳಿ ಅದನ್ನು ತಿನ್ನುತ್ತದೆ. ಹುಳಿ ಜಾಸ್ತಿಯಾದರೆ ಒಂದು ಸಣ್ಣ ಕ್ಯಾರೆಟ್ ತುರಿದು ಬೇಯಿಸಿ. ಸೋಡಾ ಹಾಕಿದರೆ ಹುಳಿಯ ಜೊತೆ ಟೊಮೆಟೊದ ಸೊಗಡೂ ಹೋಗುತ್ತದೆ. ಪಿಂಕ್ ಸಾಸ್ ಬೇಕಿದ್ದವರು ಹಾಲಿನ ಬದಲು ಕ್ರೀಮ್ ಬಳಸಿ, ಅದನ್ನೂ ಉರಿ ಆರಿಸಿದ ಮೇಲೆ ಸೇರಿಸಿ. ಹಾಲು ಈ ಹುಳಿಗೆ ಒಡೆದುಬಿಡುತ್ತದೆ.

ಸಾಸ್ ಗಟ್ಟಿ ಮಾಡಲು ಗೋವಾದಲ್ಲಿರುವವರಿಗೆ ಇನ್ನೂ ಸುಲಭದ ದಾರಿ ಗೋಡಂಬಿ. 60 ಗ್ರಾಂ ಗೋಡಂಬಿ ಅರ್ಧ ಗಂಟೆ ಬಿಸಿನೀರಿನಲ್ಲಿ ನೆನೆಸಿ 150 ಮಿಲಿ ನೀರಿನಲ್ಲಿ ನುಣ್ಣಗೆ ರುಬ್ಬಿ. ಬಿಸಿಯಾದಂತೆ ತಾನೇ ಗಟ್ಟಿಯಾಗುತ್ತದೆ, ಬೇರೆ ಹಿಟ್ಟು ಬೇಡ. ತುಂಡು ಗೋಡಂಬಿ ಅಗ್ಗ, ಇದಕ್ಕೆ ಅದೇ ಸಾಕು. ಹುಳಿಗೆ ಅಲ್ಲಿಯ ತೆಂಗಿನ ಕಳ್ಳಿನ ವಿನೆಗರ್ ಒಂದು ಚಮಚ ಹಾಕಬಹುದು. ಮಾಲ್ಟ್ ವಿನೆಗರ್ ಮಾತ್ರ ಬಾರ್ಲಿಯದು, ಅದನ್ನು ಬಿಡಿ.

ಬಾಟಲಿ ಸಾಸ್ ಕೊಳ್ಳುವವರು ಮುಂದಿನ ಚಿತ್ರಕ್ಕಿಂತ ಹಿಂದಿನ ಸಣ್ಣ ಅಕ್ಷರ ನೋಡಿ. ಅಲರ್ಜಿ ಮಾಹಿತಿಯ ಸಾಲಿನಲ್ಲಿ ಗೋಧಿ, ಬಾರ್ಲಿ, ಮಾಲ್ಟ್ ಇದ್ದರೆ ವಾಪಸ್ ಇಡಿ. ಸೋಯಾ ಸಾಸ್ ಸೇರಿಸಿದ ಸಾಸ್‌ಗಳನ್ನೂ ವಾಪಸ್ ಇಡಿ, ಸೋಯಾ ಸಾಸನ್ನು ಸಾಮಾನ್ಯವಾಗಿ ಗೋಧಿ ಸೇರಿಸಿಯೇ ತಯಾರಿಸುತ್ತಾರೆ. ಮಾಲ್ಟೋಡೆಕ್ಸ್‌ಟ್ರಿನ್ ಹೆಸರಲ್ಲಿ ಮಾಲ್ಟ್ ಇದ್ದರೂ ಅದು ಬಾರ್ಲಿ ಮಾಲ್ಟ್ ಅಲ್ಲ. ಗೋಧಿ ಇಲ್ಲ ಎಂದಷ್ಟೇ ಬರೆದಿದ್ದರೆ ಸಾಲದು, ಬಾರ್ಲಿ ಇರಬಹುದು.

ಇನ್ನು ಪಾಸ್ತಾ ಬೇಯಿಸಿದ ನೀರು. ಸಾಸ್ ಸಡಿಲಿಸಲು ಅದನ್ನು ಸೇರಿಸುವುದು ಒಳ್ಳೆಯ ಪದ್ಧತಿ, ಆದರೆ ಮನೆಯ ಉಳಿದವರಿಗೆ ಬೇಯಿಸಿದ ಗೋಧಿ ಪಾಸ್ತಾದ ನೀರು ಒಂದು ಸೌಟೂ ಇದಕ್ಕೆ ಬೀಳಬಾರದು. ಹೋಟೆಲ್‌ನಲ್ಲಿ ಕೇಳಬೇಕಾದ ಮೊದಲ ಪ್ರಶ್ನೆಯೂ ಇದೇ: ಪಾಸ್ತಾ ಬೇಯಿಸುವ ನೀರು ಬೇರೆಯೋ, ಒಂದೇ ಹಂಡೆಯೋ? ಅಕ್ಕಿ, ಮೆಕ್ಕೆಜೋಳದ ಪಾಸ್ತಾಗೆ 100 ಗ್ರಾಂಗೆ ಒಂದು ಲೀಟರ್ ನೀರು ಇರಲಿ, ಮೊದಲ ಎರಡು ನಿಮಿಷ ಕೈಯಾಡಿಸಿ, ಪ್ಯಾಕೆಟ್ ಹೇಳಿದ್ದಕ್ಕಿಂತ ಒಂದು ನಿಮಿಷ ಮೊದಲು ಬಸಿಯಿರಿ. ಹಿಡಿದಿಡಲು ಗ್ಲುಟೆನ್ ಇಲ್ಲದ್ದರಿಂದ ಅದು ಬೇಗ ಮುದ್ದೆಯಾಗುತ್ತದೆ. ಆರಿದ ಮೇಲೆ ಗಟ್ಟಿಯಾಗಿ ಮುರಿಯುತ್ತದೆ. ಅದಕ್ಕೇ ಮರುದಿನಕ್ಕೆ ಉಳಿಸುವುದಾದರೆ ಸಾಸನ್ನಷ್ಟೇ ಫ್ರಿಜ್‌ನಲ್ಲಿಡಿ, ಮೂರು ದಿನ ತಡೆಯುತ್ತದೆ. ಬಿಳಿ ಸಾಸನ್ನು ಬಿಸಿ ಮಾಡುವಾಗ ಎರಡು ಚಮಚ ಹಾಲು ಹಾಕಿ ಸಣ್ಣ ಉರಿಯಲ್ಲಿ ಕದಡುತ್ತಿರಿ. ಪಾಸ್ತಾ ಮಾತ್ರ ಆಯಾ ಹೊತ್ತಿಗೆ ಬೇಕಾದಷ್ಟೇ ಬೇಯಿಸಿಕೊಳ್ಳಿ.